ಅಂಗಡಿಯ ಕಾಗದ ಎಲ್ಲಿ ತಪ್ಪಿತು?

ಹಳಗನ್ನಡದಲ್ಲಿ ‘ಅಂಚೆ’ ಎಂದರೆ ಹಂಸ. ನಳನ ಸಮಾಚಾರವನ್ನು ದಮಯಂತಿಯ ಬಳಿಗೆ ಕೊಂಡೊಯ್ದದ್ದೂ ಹಂಸವೇ. ಕಾಗದಪತ್ರಗಳ ಇಲಾಖೆಗೆ ನಮ್ಮಲ್ಲಿ ಅದೇ ಹೆಸರು ನಿಂತದ್ದು ಆಕಸ್ಮಿಕವೇ ಇರಬಹುದು. ಆದರೂ ಸೊಗಸಾದ ಆಕಸ್ಮಿಕ. ಈಗ ಇ-ಮೇಲಿಗೆ ‘ಮಿಂಚಂಚೆ’ ಎಂಬ ಮಾತು ಬಳಕೆಗೆ ಬಂದಿದೆ. ಮಿಂಚಿನ ವೇಗದ ಹಂಸ ಎಂದು ಬೇಕಾದರೆ ಅರ್ಥ ಹೇಳಿಕೊಳ್ಳಬಹುದು. ಆದರೆ ಕಾವ್ಯದ ಹಂಸಕ್ಕೂ ಅಂಗಡಿಯ ಹಂಸಕ್ಕೂ ಒಂದು ಭೇದ ಉಂಟು. ಕಾವ್ಯದ ಹಂಸ ದಾರಿ ತಪ್ಪಿದರೆ ಕವಿಗೆ ಇನ್ನೊಂದು ಸರ್ಗ ದೊರೆಯುತ್ತದೆ. ಅಂಗಡಿಯ ಹಂಸ ದಾರಿ ತಪ್ಪಿದರೆ ಆ ವಾರದ ಬಟವಾಡೆ ನಿಲ್ಲುತ್ತದೆ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂಬ ನಾಲ್ಕು ಊರುಗಳ ನಡುವೆ ತಿರುಗಾಡುತ್ತ, ಸಣ್ಣ ಉದ್ಯಮಗಳ ಗಣಕಗಳನ್ನೂ ಅವುಗಳ ಮಿಂಚಂಚೆಯ ಏರ್ಪಾಟನ್ನೂ ನೋಡಿಕೊಳ್ಳುವುದು ನನ್ನ ವೃತ್ತಿ. ಗೇರುಬೀಜದ ಕಾರ್ಖಾನೆ, ಮುದ್ರಣಾಲಯ, ಮೀನುಬಲೆಯ ವ್ಯಾಪಾರ, ವಸತಿಗೃಹ, ಜವಳಿಯಂಗಡಿ ಇವು ನನ್ನ ಗಿರಾಕಿಗಳು. ಹತ್ತರಿಂದ ನಲವತ್ತು ಜನ ದುಡಿಯುವ ಸಂಸ್ಥೆಗಳಿವು. ಇವರಲ್ಲಿ ಹೆಚ್ಚಿನವರು ನನ್ನನ್ನು ಕರೆಯುವಾಗ ಹೇಳುವ ಮಾತು ಒಂದೇ: “ಸರ್ವರ್ ಹಾಳಾಗಿದೆ, ಹೊಸತು ಹಾಕಬೇಕು.” ಹೋಗಿ ನೋಡಿದರೆ ಯಂತ್ರ ಸರಿಯಾಗಿಯೇ ಇರುತ್ತದೆ. ದೋಷ ಇರುವುದು ವಿಳಾಸದಲ್ಲಿ, ಇಲ್ಲವೆ ಸಾಕ್ಷ್ಯದಲ್ಲಿ, ಅದೂ ಅಲ್ಲವಾದರೆ ಯಾರೂ ಬರೆದಿಡದ ಒಂದು ಸಣ್ಣ ಸಂಗತಿಯಲ್ಲಿ. ಹೊಸ ಯಂತ್ರಕ್ಕೆ ಹಣ ಹಾಕುವ ಮೊದಲು ಈ ಮೂರನ್ನು ನೋಡಿಕೊಳ್ಳಬೇಕು. ನಾನು ಹೇಳಬೇಕೆಂದಿರುವುದರ ಸಾರ ಇಷ್ಟೆ.

ಮೊದಲು ವಿಳಾಸದ ಮಾತು. ನಮ್ಮ ಅಂಚೆಯ ಪಿನ್ ಸಂಖ್ಯೆ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಅಂಚೆ ಇಲಾಖೆಯ ಅಧಿಕಾರಿ. ಜತೆಗೆ ಸಂಸ್ಕೃತದ ಕವಿ. ಉಡುಪಿಯದು 576101, ಮಣಿಪಾಲದ್ದು 576104. ಆದರೆ ಉಡುಪಿಯಿಂದ 15 ಕಿಲೋಮೀಟರಿನ ಒಳಗೇ ಇರುವ ಕಾಪುವಿನದು 574106, ಕಾರ್ಕಳದ್ದು 574104. ಮೊದಲ ಮೂರು ಅಂಕಿಗಳು ಕಾಗದವನ್ನು ಯಾವ ವಿಂಗಡಣೆಯ ಜಿಲ್ಲೆಗೆ ಹಾಕಬೇಕೆಂದು ತಿಳಿಸುತ್ತವೆ. ಕೊನೆಯ ಮೂರು ಅಂಕಿಗಳು ಬಟವಾಡೆಯ ಕಚೇರಿಯನ್ನು ಹೇಳುತ್ತವೆ. ಹಾಗಾಗಿ ನೆರೆಯ ಕಾಪು ಅಂಕಿಗಳ ಲೆಕ್ಕದಲ್ಲಿ ದೂರದ ಪುತ್ತೂರು, ಸುಳ್ಯಗಳ ಗುಂಪಿಗೆ ಸೇರಿತು. ಕಾಗದ ಹೋಗುವುದು ನಮ್ಮ ಕಣ್ಣಿಗೆ ಕಾಣುವ ದಾರಿಯಲ್ಲಿ ಅಲ್ಲ, ವಿಂಗಡಿಸುವವನ ಪಟ್ಟಿ ತೋರಿಸಿದ ದಾರಿಯಲ್ಲಿ.

ಮಿಂಚಂಚೆಯೂ ಹೀಗೆಯೇ. ಬಳಕೆದಾರನ ಹೆಸರು, ನಡುವೆ ‘ಅಟ್’ ಎಂಬ ಸುರುಳಿಯ ಚಿಹ್ನೆ, ಅದರ ಮುಂದೆ ಸಂಸ್ಥೆಯ ಹೆಸರು: ಇದು ವಿಳಾಸದ ರೂಪ. ಈ ಚಿಹ್ನೆಯನ್ನು 1971ರಲ್ಲಿ ಆರಿಸಿಕೊಂಡವರು ಅಮೆರಿಕದ ರೇ ಟಾಮ್ಲಿನ್‌ಸನ್. ಕಾಗದವನ್ನು ಒಂದು ಯಂತ್ರ ಇನ್ನೊಂದಕ್ಕೆ ದಾಟಿಸುವಾಗ ಆಡಬೇಕಾದ ಮಾತುಗಳ ನಿಯಮವನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದರು. ಮರುವರ್ಷ ಪಾಲ್ ಮೊಕಪೆಟ್ರಿಸ್ ಹೆಸರುಗಳ ಒಂದು ಜಾಗತಿಕ ಪಟ್ಟಿಯನ್ನು ಯೋಜಿಸಿದರು. ಡಿ.ಎನ್.ಎಸ್. ಎಂದು ಕರೆಯುವುದು ಇದನ್ನೇ. ಮಣಿಪಾಲದ ಮುದ್ರಣಾಲಯಕ್ಕೆ ನೀವು ಕಾಗದ ಬರೆದರೆ, ನಿಮ್ಮ ಸರ್ವರ್ ಮೊದಲು ಈ ಪಟ್ಟಿಯನ್ನು ಕೇಳುತ್ತದೆ: ಈ ಹೆಸರಿನವರ ಕಾಗದಗಳನ್ನು ಪಡೆಯುವ ಮನೆ ಯಾವುದು? ಪಟ್ಟಿಯಲ್ಲಿ ‘ಎಂ.ಎಕ್ಸ್.’ ಎಂಬ ಸಾಲು ಅದಕ್ಕೆ ಉತ್ತರ ಕೊಡುತ್ತದೆ. ಆ ಮನೆ ಮಣಿಪಾಲದಲ್ಲೇ ಇರಬೇಕೆಂದಿಲ್ಲ. ಮುಂಬಯಿಯಲ್ಲೋ ಸಿಂಗಾಪುರದಲ್ಲೋ ಇರಬಹುದು. ಸಾಲು ತಪ್ಪಿದ್ದರೆ, ಗೋಡೆಯಾಚೆಯ ನೆರೆಮನೆಯವರು ಬರೆದ ಕಾಗದವೂ ತಲುಪುವುದಿಲ್ಲ.

ಕಾಗದ ತಲುಪಲಿಲ್ಲ ಎಂಬ ದೂರು ಬಂದಾಗ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಕಾಗದ ಮನೆಯಿಂದ ಹೊರಟಿತೆ? ಹೊರಟದ್ದನ್ನು ಆಚೆಯವರು ಬೇಡವೆಂದರೆ? ಒಪ್ಪಿಕೊಂಡು ಮೂಲೆಗೆ ಹಾಕಿದರೆ? ವೈದ್ಯರು ರೋಗಿಯ ನಾಡಿ ಹಿಡಿದು ನೋಡುವ ಹಾಗೆ ಇದಕ್ಕೂ ಕ್ರಮವುಂಟು. ಕ್ರಮ ಬಿಟ್ಟು ಒಮ್ಮೆಲೇ ಎಲ್ಲವನ್ನೂ ಬದಲಿಸಿದರೆ, ರೋಗ ವಾಸಿಯಾದರೂ ಯಾವ ಮದ್ದಿನಿಂದ ವಾಸಿಯಾಯಿತೆಂದು ತಿಳಿಯುವುದಿಲ್ಲ. ಮತ್ತೆ ಮರುಕಳಿಸಿದಾಗ ಪುನಃ ಕತ್ತಲೆಯಲ್ಲಿ ತಡಕಾಡಬೇಕಾಗುತ್ತದೆ.

ಆಚೆಯವರು ಬೇಡವೆಂದಾಗ ಕಾಗದ ಹಿಂದಕ್ಕೆ ಬರುತ್ತದೆ. ಅದರೊಂದಿಗೆ ಇಂಗ್ಲಿಷಿನಲ್ಲಿ ಉದ್ದನೆಯ ಒಂದು ಟಿಪ್ಪಣಿ ಇರುತ್ತದೆ. ನಮ್ಮವರು ಅದನ್ನು ಓದದೆ ಅಳಿಸುತ್ತಾರೆ. ಅಲ್ಲಿರುವುದು ಮೂರಂಕಿಯ ಒಂದು ಸಂಖ್ಯೆ; ಅದೇ ರೋಗದ ಹೆಸರು. 4ರಿಂದ ಮೊದಲಾದರೆ ತಾತ್ಕಾಲಿಕ ತೊಂದರೆ: ಆಚೆಯ ಮನೆಯ ಬಾಗಿಲು ಸದ್ಯಕ್ಕೆ ಮುಚ್ಚಿದೆ, ನಮ್ಮ ಸರ್ವರ್ ತಾನಾಗಿಯೇ ಕೆಲವು ದಿನಗಳ ಕಾಲ ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. 5ರಿಂದ ಮೊದಲಾದರೆ ಶಾಶ್ವತ ನಿರಾಕರಣೆ: ಅಂಥ ಹೆಸರಿನವರು ಇಲ್ಲ, ಅಥವಾ ನಿಮ್ಮನ್ನು ನಾವು ನಂಬುವುದಿಲ್ಲ. ಕಾರ್ಕಳದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಹೊರದೇಶದ ಗಿರಾಕಿಗೆ ಕಳಿಸಿದ ದರಪಟ್ಟಿ ಮೂರು ಸಲ ಹಿಂದಕ್ಕೆ ಬಂದಿತ್ತು. ಮಾಲಿಕರು ಹೊಸ ಸರ್ವರಿಗೆ ಬೆಲೆ ವಿಚಾರಿಸುತ್ತಿದ್ದರು. ಟಿಪ್ಪಣಿಯನ್ನು ಓದಿದಾಗ ತಿಳಿದದ್ದು ಇಷ್ಟೆ: ಕಾಗದ ತೀರಾ ಭಾರವಾಗಿತ್ತು.

ಇದಕ್ಕೊಂದು ವಿವರಣೆ ಬೇಕು. ಮಿಂಚಂಚೆ ಹುಟ್ಟಿದ್ದು ಬರಿಯ ಇಂಗ್ಲಿಷ್ ಅಕ್ಷರಗಳನ್ನು ಒಯ್ಯುವುದಕ್ಕೆ. ಚಿತ್ರಗಳನ್ನು, ಕಡತಗಳನ್ನು ಕಳಿಸಬೇಕಾದರೆ ಅವನ್ನು ಅಕ್ಷರಗಳ ವೇಷ ಹಾಕಿಸಿ ಕಳಿಸಬೇಕು. 1992ರಲ್ಲಿ ಬಂದ ‘ಮೈಮ್’ ಎಂಬ ನಿಯಮಾವಳಿ ಈ ವೇಷಭೂಷಣದ ಶಾಸ್ತ್ರ. ನಮ್ಮ ಯಕ್ಷಗಾನದ ಬಣ್ಣದ ವೇಷ ಹಾಕಿದ ಮೇಲೆ ಮನುಷ್ಯ ಬಾಗಿಲಿನಲ್ಲಿ ಹಿಡಿಸದ ಹಾಗೆ, ಈ ವೇಷ ತೊಟ್ಟ ಕಡತ ಮೂರನೆಯ ಒಂದು ಪಾಲಿನಷ್ಟು ದಪ್ಪವಾಗುತ್ತದೆ. 20 ಮೆಗಾಬೈಟಿನ ಕಡತ ದಾರಿಯಲ್ಲಿ 27 ಮೆಗಾಬೈಟಿನ ಸಮೀಪಕ್ಕೆ ಏರುತ್ತದೆ. ಜೀಮೇಲಿನಲ್ಲಿ ಲಗತ್ತಿನ ಮಿತಿ 25. ಕಾರ್ಖಾನೆಯ ದರಪಟ್ಟಿಯ ಜತೆಗಿದ್ದ ಫೋಟೋಗಳನ್ನು ಕುಗ್ಗಿಸಿ ಕಳಿಸಿದಾಗ ಆ ಸಂಜೆಯೇ ಉತ್ತರ ಬಂತು. ಸರ್ವರಿನ ಹಣ ಮಾಲಿಕರ ಪೆಟ್ಟಿಗೆಯಲ್ಲೇ ಉಳಿಯಿತು.

ಕನ್ನಡದ ಕಾಗದಗಳ ಒಂದು ಕಷ್ಟವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ‘ಕಳಿಸಿದ ಕಾಗದ ಆಚೆ ಚಿತ್ರವಿಚಿತ್ರ ಅಕ್ಷರಗಳಾಗಿ ಕಾಣುತ್ತದೆ’ ಎಂಬ ದೂರು ನಮ್ಮ ಕಡೆಯ ಮುದ್ರಣಾಲಯಗಳಲ್ಲಿ ಈಗಲೂ ಕೇಳಿಬರುತ್ತದೆ. ಹಳೆಯ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಅದೇ ಅಕ್ಷರಮಾದರಿ ಇಲ್ಲದ ಗಣಕದಲ್ಲಿ ಕನ್ನಡದ ಮುಖವಾಡ ಕಳಚಿ ಬರಿಯ ಇಂಗ್ಲಿಷ್ ಗೀಟುಗಳು ಉಳಿಯುತ್ತವೆ. ಯೂನಿಕೋಡಿನಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಸ್ವಂತದ ಮನೆಯುಂಟು. ಆದ್ದರಿಂದ ಆ ತೊಂದರೆ ಇಲ್ಲ. ಗಣಕದ ಕೀಲಿಮಣೆಯಲ್ಲಿ ಕನ್ನಡವನ್ನು ಉಚ್ಚಾರಕ್ಕೆ ತಕ್ಕಂತೆ ಬರೆಯುವ ವಿನ್ಯಾಸವನ್ನು ಕೊಟ್ಟವರು ಕಿನ್ನಿಕಂಬಳ ಪದ್ಮನಾಭ ರಾಯರು. ನಮ್ಮ ಉಡುಪಿಯೊಡನೆ ಅವರದು ಹತ್ತಿರದ ನಂಟು. ಕರ್ನಾಟಕ ಸರಕಾರ ಒಪ್ಪಿದ ಕೀಲಿಮಣೆಗೆ ಅದೇ ತಳಹದಿ. ಬೆರಳಿಗೆ ಅಭ್ಯಾಸವಾದ ಅದೇ ವಿನ್ಯಾಸದಲ್ಲಿ ಯೂನಿಕೋಡ್ ಅಕ್ಷರಗಳನ್ನೂ ಬರೆಯಬಹುದು. ಹಳೆಯದನ್ನು ಬಿಡಲು ಹೊಸದಾಗಿ ಏನನ್ನೂ ಕಲಿಯಬೇಕಾದ್ದಿಲ್ಲ.

ಈಗ ಮೂರನೆಯ ಪ್ರಶ್ನೆಗೆ ಬರೋಣ. ಕಾಗದ ಹೊರಟಿತು, ಆಚೆಯವರು ಒಪ್ಪಿಕೊಂಡರು. ಆದರೂ ಓದಬೇಕಾದವರು ನೋಡಲಿಲ್ಲ. ಅದು ‘ಸ್ಪ್ಯಾಮ್’ ಎಂಬ ಕಸದ ಬುಟ್ಟಿಯಲ್ಲಿ ಬಿದ್ದಿದೆ. ಇದರ ಬೇರು ತಿಳಿಯಬೇಕಾದರೆ ನಮ್ಮ ಅಂಚೆಪೆಟ್ಟಿಗೆಯನ್ನು ನೆನೆಯಬೇಕು. ಲಕೋಟೆಯ ಹಿಂದೆ ಕಳಿಸಿದವರ ಹೆಸರೆಂದು ನೀವು ಏನನ್ನು ಬರೆದರೂ ಅಂಚೆಯವನು ಪ್ರಶ್ನಿಸುವುದಿಲ್ಲ. 1982ರ ನಿಯಮವೂ ಹಾಗೆಯೇ ಇತ್ತು. ಆಗ ಈ ಜಾಲದಲ್ಲಿದ್ದವರು ಬಹುಮಟ್ಟಿಗೆ ಪರಸ್ಪರ ಬಲ್ಲ ವಿದ್ವಾಂಸರು; ಹೆಸರು ಕದಿಯುವ ಪ್ರಮೇಯ ಯಾರಿಗೂ ತೋಚಲಿಲ್ಲ. ಊರು ದೊಡ್ಡದಾದ ಮೇಲೆ ಕಳ್ಳರೂ ಬಂದರು, ಬೀಗಗಳೂ ಬಂದವು.

ಆ ಬೀಗಗಳು ಮೂರು. ಎಸ್.ಪಿ.ಎಫ್. ಎಂಬುದು ಒಂದು ಪಟ್ಟಿ: ನಮ್ಮ ಹೆಸರಿನಲ್ಲಿ ಕಾಗದ ಒಯ್ಯಲು ಇಂತಿಂಥ ಸರ್ವರುಗಳಿಗೆ ಮಾತ್ರ ಅಧಿಕಾರವುಂಟು ಎಂದು ನಾವೇ ಬಹಿರಂಗವಾಗಿ ಸಾರುವುದು. ಎರಡನೆಯ ಡಿ.ಕೆ.ಐ.ಎಂ. ಒಂದು ಮುದ್ರೆ. ಇದಕ್ಕೆ ಕಾಪುವಿನ ದೀಪಸ್ತಂಭದ ಹೋಲಿಕೆ ಒಪ್ಪುತ್ತದೆ. 1901ರಿಂದ ಅಲ್ಲಿರುವ ಆ ದೀಪವನ್ನು ಕತ್ತಲೆಯಲ್ಲಿ ನಾವಿಕ ಗುರುತಿಸುವುದು ಗೋಪುರದ ಆಕಾರದಿಂದ ಅಲ್ಲ. ಪ್ರತಿಯೊಂದು ದೀಪಸ್ತಂಭಕ್ಕೂ ಮಿನುಗುವ ಒಂದು ಲಯವುಂಟು. ಆ ಲಯಗಳನ್ನೆಲ್ಲ ಒಂದು ಪುಸ್ತಕದಲ್ಲಿ ಪ್ರಕಟಿಸಿರುತ್ತಾರೆ. ಕಂಡ ಬೆಳಕನ್ನು ಪುಸ್ತಕದೊಡನೆ ಹೋಲಿಸಿ, ಇದು ಕಾಪು ಎಂದು ನಾವಿಕ ನಿಶ್ಚಯಿಸುತ್ತಾನೆ. ನಮ್ಮ ಸರ್ವರ್ ಪ್ರತಿ ಕಾಗದಕ್ಕೂ ಗುಟ್ಟಿನ ಕೀಲಿಯಿಂದ ಒಂದು ಮುದ್ರೆ ಒತ್ತುತ್ತದೆ. ಅದನ್ನು ಪರೀಕ್ಷಿಸುವ ಬಹಿರಂಗ ಕೀಲಿ ಹೆಸರುಗಳ ಪಟ್ಟಿಯಲ್ಲಿರುತ್ತದೆ. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ದೀಪದ ಲಯವನ್ನು ಕಂಡವರು ಅನುಕರಿಸಿಯಾರು, ಈ ಮುದ್ರೆಯನ್ನು ಗುಟ್ಟಿನ ಕೀಲಿ ಇಲ್ಲದವರು ಒತ್ತಲಾರರು. ಮೂರನೆಯದು ಡಿಮಾರ್ಕ್. ಪಟ್ಟಿಗೂ ಮುದ್ರೆಗೂ ಹೊಂದದ ಕಾಗದ ನಮ್ಮ ಹೆಸರಿನಲ್ಲಿ ಬಂದರೆ ಸುಮ್ಮನೆ ಬಿಡಬೇಕೆ, ಬದಿಗಿಡಬೇಕೆ, ತಿರಸ್ಕರಿಸಬೇಕೆ ಎಂಬ ನಮ್ಮ ಅಪ್ಪಣೆ ಅದು.

ಇದೆಲ್ಲ ದೊಡ್ಡವರಿಗೆ ಮಾತ್ರ ಎಂಬ ಭಾವನೆ 2024ರ ಫೆಬ್ರವರಿಯ ತನಕ ನಡೆಯಿತು. ಆ ತಿಂಗಳಿನಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ನಿಯಮವನ್ನು ಬಿಗಿ ಮಾಡಿದವು. ಜೀಮೇಲ್ ವಿಳಾಸಗಳಿಗೆ ಕಾಗದ ಕಳಿಸುವವರೆಲ್ಲರಿಗೂ ಪಟ್ಟಿ ಅಥವಾ ಮುದ್ರೆ ಒಂದಾದರೂ ಇರಬೇಕು. ದಿನಕ್ಕೆ 5000ಕ್ಕೆ ಮೇಲ್ಪಟ್ಟು ಕಳಿಸುವವರಿಗೆ ಮೂರೂ ಬೇಕು. ನಮ್ಮ ಊರುಗಳ ಗಿರಾಕಿಗಳಲ್ಲಿ ಬಹಳ ಮಂದಿಯ ವಿಳಾಸ ಜೀಮೇಲಿನದೇ. ನಿನ್ನೆಯ ತನಕ ತಲುಪುತ್ತಿದ್ದ ಬಿಲ್ಲುಗಳು ಒಂದು ದಿನ ಕಾಣೆಯಾದರೆ ಕಾರಣವನ್ನು ಇಲ್ಲಿ ಹುಡುಕಬೇಕು. ಮಣಿಪಾಲದ ಕಡೆಯ ಒಂದು ಮುದ್ರಣಾಲಯದಲ್ಲಿ ಪಟ್ಟಿ ಇತ್ತು, ಆದರೆ ಒಂದಲ್ಲ, ಎರಡು. ಬಿಲ್ಲು ಕಳಿಸುವ ಹೊಸ ತಂತ್ರಾಂಶ ಕೊಟ್ಟವರು ಹಳೆಯ ಸಾಲನ್ನು ತಿದ್ದುವ ಬದಲು ಪಕ್ಕದಲ್ಲಿ ಇನ್ನೊಂದನ್ನು ಬರೆದಿದ್ದರು. ಒಂದು ಹೆಸರಿಗೆ ಎಸ್.ಪಿ.ಎಫ್. ಸಾಲು ಒಂದೇ ಇರಬೇಕು. ಎರಡಿದ್ದರೆ ಎರಡೂ ರದ್ದಾದಂತೆ. ಎರಡನ್ನೂ ಸೇರಿಸಿ ಒಂದು ಮಾಡಿದ್ದಷ್ಟೇ ಅಲ್ಲಿ ಮಾಡಬೇಕಾಗಿದ್ದ ಕೆಲಸ. ಹತ್ತು ನಿಮಿಷದ ಕೆಲಸ. ಎರಡು ತಿಂಗಳಿನ ಬಾಕಿ ವಸೂಲಿಗೆ ಅದು ಅಡ್ಡ ನಿಂತಿತ್ತು.

ಬೀಗ ಎಷ್ಟು ಗಟ್ಟಿಯಾದರೂ ಮನುಷ್ಯನ ವಿವೇಚನೆಗೆ ಬದಲಿಯಾಗದು. ಇದಕ್ಕೆ ಒಂದು ನಿಜವಾದ ಹಿನ್ನೆಲೆ ನಮ್ಮ ಊರಿನದೇ ಉಂಟು. ಉಡುಪಿ ಬ್ಯಾಂಕುಗಳ ತವರು. ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ ಇಲ್ಲಿ ಹುಟ್ಟಿತು. ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಇಲ್ಲಿಯೇ ಬೇರೆ ಹೆಸರಿನಿಂದ ಆರಂಭವಾಗಿ, 1928ರಲ್ಲಿ ಪಿಗ್ಮಿ ಠೇವಣಿಯನ್ನು ಮನೆಮನೆಗೆ ಒಯ್ದಿತು. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿಯೂ ಎರಡನೆಯದು ಕೆನರಾ ಬ್ಯಾಂಕಿನಲ್ಲಿಯೂ ಲೀನವಾದವು. ತಲೆಮಾರುಗಳಿಂದ ಬಾಯಿಪಾಠವಾಗಿದ್ದ ಹೆಸರುಗಳು, ಶಾಖೆಯ ಸಂಕೇತಗಳು ಬದಲಾದವು. “ನಮ್ಮ ಬ್ಯಾಂಕು ವಿಲೀನವಾಗಿದೆ, ಇನ್ನು ಮುಂದೆ ಹಣವನ್ನು ಈ ಹೊಸ ಖಾತೆಗೆ ಕಳಿಸಿರಿ” ಎಂಬ ಕಾಗದ ಆ ಕಾಲದಲ್ಲಿ ಯಾರಿಗೂ ಅಸಹಜವೆನಿಸುತ್ತಿರಲಿಲ್ಲ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ?

ಕಾಪುವಿನ ಸಮೀಪದ ಒಬ್ಬ ಬಲೆವ್ಯಾಪಾರಿಗೆ ಅಂಥದೇ ಕಾಗದ ಬಂತು. ನೈಲಾನ್ ನೂಲು ಒದಗಿಸುವವರ ಹೆಸರು, ಅವರದೇ ಧಾಟಿ, ಹಿಂದಿನ ಪತ್ರವ್ಯವಹಾರದ ಉಲ್ಲೇಖ, ಕೆಳಗೆ ಹೊಸ ಖಾತೆಯ ಸಂಖ್ಯೆ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವ ಮೊದಲು ಬಲೆ ಸಿದ್ಧವಾಗಬೇಕು; ಹಾಗಾಗಿ ಆ ಒಂದು ಪಾವತಿಯಲ್ಲಿ ವರ್ಷದ ಬಂಡವಾಳದ ದೊಡ್ಡ ಪಾಲು ಇತ್ತು. ಹಣ ಕಳಿಸಬೇಕಾಗಿದ್ದ ಗುಮಾಸ್ತೆ ಗಣಕಶಾಸ್ತ್ರ ಓದಿದವರಲ್ಲ. ಆದರೆ ಖಾತೆ ಬದಲಾದರೆ ಬಾಯಿಯಿಂದ ಕೇಳಿಯೇ ಬರೆದುಕೊಳ್ಳಬೇಕು ಎಂಬುದು ಅವರು ಹಳೆಯ ಯಜಮಾನರಿಂದ ಕಲಿತ ಪದ್ಧತಿ. ಕಾಗದದಲ್ಲಿದ್ದ ದೂರವಾಣಿ ಸಂಖ್ಯೆಯನ್ನು ಬಿಟ್ಟು, ತಮ್ಮ ಪುಸ್ತಕದಲ್ಲಿದ್ದ ಹಳೆಯ ಸಂಖ್ಯೆಗೆ ಅವರು ಫೋನು ಮಾಡಿದರು. ಆ ಕಡೆಯವರು ಅಂಥ ಕಾಗದವನ್ನೇ ಬರೆದಿರಲಿಲ್ಲ. ನಾನು ಹೋಗಿ ವಿಳಾಸವನ್ನು ದೊಡ್ಡದು ಮಾಡಿ ನೋಡಿದಾಗ ಗುಟ್ಟು ಹೊರಬಿತ್ತು: ಇಂಗ್ಲಿಷಿನ ‘ಎಂ’ ಅಕ್ಷರದ ಬದಲು ‘ಆರ್’ ಮತ್ತು ‘ಎನ್’ ಎರಡನ್ನು ಒತ್ತಾಗಿ ಇಟ್ಟಿದ್ದರು. ಬರಿಗಣ್ಣಿಗೆ ಅದು ‘ಎಂ’ ಆಗಿಯೇ ಕಾಣುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಆ ಸುಳ್ಳು ಹೆಸರು ಕಳ್ಳನೇ ಹಣ ಕೊಟ್ಟು ಕೊಂಡ ಅವನ ಸ್ವಂತದ ಹೆಸರು. ಅದಕ್ಕೆ ಅವನು ಪಟ್ಟಿಯನ್ನೂ ಮುದ್ರೆಯನ್ನೂ ಕ್ರಮವಾಗಿಯೇ ಮಾಡಿಸಿರಬಲ್ಲ. ಮೂರು ಬೀಗಗಳು ಹೇಳುವುದು ಕಾಗದ ಆ ಹೆಸರಿನಿಂದಲೇ ಬಂದಿದೆ ಎಂದಷ್ಟೆ. ಆ ಹೆಸರಿನವನು ಸತ್ಯವಂತ ಎಂದಲ್ಲ. ಹಿಂದಿನ ಪತ್ರವ್ಯವಹಾರ ಕಳ್ಳನಿಗೆ ತಿಳಿದದ್ದು ಹೇಗೆ ಎಂಬುದನ್ನೂ ವಿಚಾರಿಸಬೇಕು. ಇಬ್ಬರಲ್ಲಿ ಒಬ್ಬರ ಪೆಟ್ಟಿಗೆಗೆ ಅವನು ಇಣುಕಿರಬೇಕು. ಬರುವ ಕಾಗದಗಳ ಪ್ರತಿ ಗುಟ್ಟಾಗಿ ಬೇರೆಡೆಗೆ ಹೋಗುವಂತೆ ನಿಯಮ ಬರೆದಿಟ್ಟಿರುವುದು ಸಾಮಾನ್ಯ. ಸಂಕೇತಪದ ಬದಲಿಸಿದರೂ ಆ ನಿಯಮ ಉಳಿಯುತ್ತದೆ. ಅದನ್ನು ಹುಡುಕಿ ತೆಗೆಯಬೇಕು. ಸಂಕೇತಪದದ ಜತೆಗೆ ಫೋನಿಗೆ ಬರುವ ಎರಡನೆಯ ಪರೀಕ್ಷೆಯನ್ನೂ ಕಡ್ಡಾಯ ಮಾಡಬೇಕು. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಫೋನು ಮಾಡಬೇಕು; ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಯುವ ಸಾಧ್ಯತೆ ಇರುವುದು ಆರಂಭದ ಗಳಿಗೆಗಳಲ್ಲಿ. ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್ 31ರ ಒಳಗೆ ಬ್ಯಾಂಕುಗಳೆಲ್ಲ ತಮ್ಮ ಜಾಲತಾಣದ ಹೆಸರನ್ನು ‘ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಗೆ ಬದಲಿಸಿಕೊಳ್ಳಬೇಕೆಂದು ವಿಧಿಸಿದ್ದೂ ಇಂಥ ವೇಷಧಾರಿಗಳ ಉಪಟಳದಿಂದಲೇ.

ಇಷ್ಟಾದ ಮೇಲೆ ಸರ್ವರಿನ ಮಾತು. ಯಂತ್ರ ಬದಲಿಸಬೇಕಾದ ಸಂದರ್ಭ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ತಂತ್ರಾಂಶಕ್ಕೂ ಆಯುಷ್ಯವುಂಟು. ವಿಂಡೋಸ್ ಸರ್ವರ್ 2012ಕ್ಕೆ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ರಂದು ಮುಗಿಯಿತು; ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ರಂದು; ಮಿಂಚಂಚೆಗೆಂದೇ ಇರುವ ಎಕ್ಸ್‌ಚೇಂಜ್ 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ರಂದು. ಬೆಂಬಲ ಮುಗಿದ ದಿನವೇ ಯಂತ್ರ ನಿಲ್ಲುವುದಿಲ್ಲ; ಅದೇ ಅಪಾಯ. ಮನೆ ನಿಂತಿರುತ್ತದೆ, ಹೆಂಚು ಒಡೆದರೆ ಹಾಕಿಕೊಡುವವರು ಇಲ್ಲ. 2021ರ ಮಾರ್ಚಿನಲ್ಲಿ ಎಕ್ಸ್‌ಚೇಂಜಿನ ನಾಲ್ಕು ಬಿರುಕುಗಳು ಬಯಲಾದಾಗ, ತೇಪೆ ಹಾಕಿಕೊಳ್ಳಲು ತಡಮಾಡಿದವರ ಸರ್ವರುಗಳೊಳಗೆ ಲೋಕದಾದ್ಯಂತ ಕಳ್ಳರು ನುಗ್ಗಿದ್ದರು.

ನಮ್ಮ ಕರಾವಳಿಯ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಡುಪಿಯ ಸೀಮೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ. ಕಡಲಂಚಿನ ಉಪ್ಪುಗಾಳಿ ತಾಮ್ರದ ಸಂಪರ್ಕಗಳನ್ನು ತಿನ್ನುತ್ತದೆ. ಮುಂಗಾರಿಗೆ ಮೊದಲು ಬರುವ ಗುಡುಗುಮಳೆಯ ಸಿಡಿಲು ವಿದ್ಯುತ್ತಿನ ತಂತಿಯಿಂದ ಮಾತ್ರವಲ್ಲ, ಜಾಲದ ತಾಮ್ರದ ತಂತಿಯಿಂದಲೂ ಒಳಗೆ ಬರುತ್ತದೆ. ಮಿಂಚಂಚೆಗೆ ಮಿಂಚೇ ಶತ್ರು! ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಭೂಸಂಪರ್ಕ ದುರ್ಬಲವಾಗುತ್ತದೆ. ಏಪ್ರಿಲಿನಲ್ಲಿ ಆ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ಯುವುದು ದುಬಾರಿ ಉಪಕರಣಕ್ಕೆ ಮಾಡುವ ಅಗ್ಗದ ಉಪಚಾರ. ಇಷ್ಟೆಲ್ಲ ಆರೈಕೆ ಸಾಧ್ಯವಿಲ್ಲದ ಹತ್ತು ಜನರ ಸಂಸ್ಥೆ ಮಿಂಚಂಚೆಯ ಸರ್ವರನ್ನು ತಾನೇ ಇಟ್ಟುಕೊಳ್ಳುವುದಕ್ಕಿಂತ, ಪೆಟ್ಟಿಗೆಗೆ ಇಷ್ಟೆಂದು ಬಾಡಿಗೆ ಕೊಟ್ಟು ದೊಡ್ಡವರಲ್ಲಿ ಇಡುವುದೇ ವಿವೇಕ. ಸ್ವಂತ ಸರ್ವರ್ ಎಂದರೆ ಹೊಣೆಯೂ ಸ್ವಂತದ್ದು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ದಾಳಿಯಾದರೆ ಆರು ಗಂಟೆಗಳೊಳಗೆ ವರದಿ ಮಾಡಬೇಕು, 180 ದಿನಗಳ ದಾಖಲೆ ಇಟ್ಟಿರಬೇಕು. ಸಣ್ಣ ಉದ್ಯಮಗಳಿಗೆ ಇದರಿಂದ ವಿನಾಯಿತಿ ಸಿಗಲಿಲ್ಲ; ಸಿಕ್ಕಿದ್ದು ಅದೇ ವರ್ಷದ ಸೆಪ್ಟೆಂಬರ್ 25ರ ತನಕ ಕಾಲಾವಕಾಶ ಮಾತ್ರ.

ಸರ್ವರ್ ಬದಲಿಸುವುದೇ ಆದರೆ ಹೇಗೆ? ಇದಕ್ಕೂ ಬ್ಯಾಂಕುಗಳ ವಿಲೀನವೇ ಒಳ್ಳೆಯ ಪಾಠ. ಸಿಂಡಿಕೇಟ್ ಬ್ಯಾಂಕಿನ ಫಲಕ ಹೋದರೂ ಅದರ ಹಳೆಯ ಸಂಕೇತಗಳು 2021ರ ಜೂನ್ 30ರ ತನಕ, ಅಂದರೆ ಹದಿನೈದು ತಿಂಗಳು, ಚಲಾವಣೆಯಲ್ಲಿದ್ದವು. ಹೊಸದು ಬಂದ ದಿನವೇ ಹಳೆಯದನ್ನು ಕೆಡವಲಿಲ್ಲ. ನಾವೂ ಹಾಗೆಯೇ ನಡೆಯಬೇಕು. ಹೆಸರುಗಳ ಪಟ್ಟಿಯ ಪ್ರತಿ ಸಾಲಿಗೂ ‘ಇಷ್ಟು ಹೊತ್ತು ಇದನ್ನು ನೆನಪಿಟ್ಟುಕೊಳ್ಳಿ’ ಎಂಬ ಅವಧಿ ಇರುತ್ತದೆ. ಅದು ಒಂದು ದಿನದ್ದಾಗಿದ್ದರೆ, ಬದಲಾವಣೆಗೆ ಎರಡು ದಿನ ಮೊದಲೇ ಐದು ನಿಮಿಷಕ್ಕೆ ಇಳಿಸಬೇಕು. ಇಲ್ಲದಿದ್ದರೆ ಅರ್ಧ ಲೋಕ ಹಳೆಯ ಮನೆಗೂ ಅರ್ಧ ಲೋಕ ಹೊಸ ಮನೆಗೂ ಕಾಗದ ಹಾಕುತ್ತದೆ. ವ್ಯಾಪಾರ ತಣ್ಣಗಿರುವ ಶನಿವಾರದ ರಾತ್ರಿ ಸಾಲನ್ನು ಬದಲಿಸಿ, ಕೆಲವು ವಾರ ಹಳೆಯ ಸರ್ವರನ್ನೂ ಉಸಿರಾಡಿಸುತ್ತ ಇಡಬೇಕು.

ಅದಕ್ಕೂ ಮೊದಲು ಪ್ರತಿಗಳು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂಬುದು ನಮ್ಮ ವೃತ್ತಿಯ ಸೂತ್ರ. ಕಾಪುವಿನ ಕಚೇರಿಯ ಒಂದು ಪ್ರತಿ ಕಾರ್ಕಳದಲ್ಲಿದ್ದರೆ ಒಂದೇ ಸಿಡಿಲು ಎರಡನ್ನೂ ಸುಡಲಾರದು. ಒಂದೇ ಪೆಟ್ಟಿಗೆಯಲ್ಲಿ ಜೋಡಿ ಡಿಸ್ಕುಗಳಿದ್ದರೆ ಅದು ಪ್ರತಿ ಎನಿಸುವುದಿಲ್ಲ. ಒಂದರಲ್ಲಿ ಅಳಿಸಿದ್ದು ಮರುಗಳಿಗೆಯಲ್ಲಿ ಇನ್ನೊಂದರಲ್ಲೂ ಅಳಿಯುತ್ತದೆ. ಪ್ರತಿ ಇದೆ ಎಂಬ ನಂಬಿಕೆಗೆ ಬೆಲೆ ಬರುವುದು, ಅದರಿಂದ ಒಂದು ಹಳೆಯ ಕಾಗದವನ್ನು ನಿಜವಾಗಿ ಹಿಂದಕ್ಕೆ ತೆಗೆದು ಓದಿದ ಮೇಲೆ. ತಿಂಗಳಿಗೊಮ್ಮೆ ಹೀಗೆ ತೆಗೆದು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ; ಕೇಳುವವರು ಕಡಿಮೆ.

ಕೊನೆಗೆ, ಯಾರೂ ಬರೆದಿಡದ ಸಂಗತಿ ಎಂದೆನಲ್ಲ, ಅದು ಹೆಸರಿನ ಒಡೆತನ. ಸಂಸ್ಥೆಯ ಜಾಲದ ಹೆಸರು ಕೊಂಡ ಆಸ್ತಿಯಲ್ಲ. ವರ್ಷದ ಲೆಕ್ಕದಲ್ಲಿ ಪಡೆದ ಗೇಣಿ. ಹತ್ತು ವರ್ಷದ ಹಿಂದೆ ಜಾಲತಾಣ ಮಾಡಿಕೊಟ್ಟ ಹುಡುಗ ತನ್ನ ಸ್ವಂತ ವಿಳಾಸದಲ್ಲಿ ಅದನ್ನು ನೋಂದಾಯಿಸಿ, ಈಗ ಕೊಲ್ಲಿಯ ಯಾವುದೋ ದೇಶದಲ್ಲಿರುತ್ತಾನೆ. ನವೀಕರಣದ ಎಚ್ಚರಿಕೆಗಳು ಅವನು ತೆರೆಯದ ಪೆಟ್ಟಿಗೆಗೆ ಹೋಗುತ್ತಿರುತ್ತವೆ. ಉಡುಪಿಯ ಒಂದು ವಸತಿಗೃಹದಲ್ಲಿ ಹೀಗೆಯೇ ಆಯಿತು. ಒಂದು ಬೆಳಗ್ಗೆ ಮುಂಗಡ ಕಾದಿರಿಸುವ ಕಾಗದಗಳೆಲ್ಲ ಒಮ್ಮೆಲೇ ನಿಂತವು. ಸರ್ವರಿಗೆ ಏನೂ ಆಗಿರಲಿಲ್ಲ. ಹೆಸರಿನ ಅವಧಿ ಮುಗಿದಿತ್ತು. ‘ಡಾಟ್ ಕಾಮ್’ ಹೆಸರು ಅವಧಿ ಮುಗಿದು ರದ್ದಾದ ಮೇಲೂ ಹೆಚ್ಚಿನ ದಂಡ ತೆತ್ತು ಬಿಡಿಸಿಕೊಳ್ಳಲು 30 ದಿನ ಉಂಟು. ಆಮೇಲೆ ಐದು ದಿನ ಕಳೆದರೆ ಅದು ಯಾರ ಕೈಗೂ ಹೋಗಬಹುದು. ಹೋದರೆ, ಇಪ್ಪತ್ತು ವರ್ಷ ಗಿರಾಕಿಗಳು ನಂಬಿದ ವಿಳಾಸಕ್ಕೆ ಬರುವ ಕಾಗದಗಳನ್ನು ಅಪರಿಚಿತನೊಬ್ಬ ಓದುತ್ತಾನೆ. ಆ ವಸತಿಗೃಹದವರು ದಂಡದ ಅವಧಿಯೊಳಗೇ ಇದ್ದುದರಿಂದ ಪಾರಾದರು.

ನಮ್ಮ ಜಿಲ್ಲೆಯ ವರ್ತಕರಿಗೆ ಲೆಕ್ಕದ ಪುಸ್ತಕ ಹೊಸದಲ್ಲ. ದೀಪಾವಳಿಗೆ ಅಂಗಡಿಪೂಜೆ ಮಾಡಿ ಹೊಸ ಪುಸ್ತಕದ ಮೊದಲ ಪುಟಕ್ಕೆ ಅರಸಿನ ಕುಂಕುಮ ಹಚ್ಚುವವರು ಈಗಲೂ ಇದ್ದಾರೆ. ಅದರ ಎರಡನೆಯ ಪುಟದಲ್ಲಿ ಆರು ಸಾಲು ಬರೆದಿಡಿ ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ: ನಮ್ಮ ಹೆಸರು ಯಾರಲ್ಲಿ, ಯಾರ ವಿಳಾಸದಲ್ಲಿ ನೋಂದಣಿಯಾಗಿದೆ, ಯಾವ ದಿನ ಮುಗಿಯುತ್ತದೆ, ನಮ್ಮ ಕಾಗದ ಪಡೆಯುವ ಸರ್ವರ್ ಯಾವುದು, ನಮ್ಮ ಹೆಸರಿನಲ್ಲಿ ಕಾಗದ ಕಳಿಸುವ ತಂತ್ರಾಂಶಗಳು ಯಾವುವು, ಪ್ರತಿಗಳು ಎಲ್ಲೆಲ್ಲಿವೆ, ಕೊನೆಯ ಸಲ ತೆಗೆದು ನೋಡಿದ್ದು ಯಾವಾಗ, ಖಾತೆ ಬದಲಾಯಿತೆಂಬ ಕಾಗದ ಬಂದರೆ ಯಾವ ಸಂಖ್ಯೆಗೆ ಫೋನು ಮಾಡಿ ಕೇಳಬೇಕು. ಸಂಕೇತಪದಗಳನ್ನು ಅಲ್ಲಿ ಬರೆಯಬೇಡಿ. ಅವು ಬೀಗದ ಪೆಟ್ಟಿಗೆಯಲ್ಲಿರಲಿ. ಈ ಆರು ಸಾಲು ಬರೆಯಲು ಅರ್ಧ ಗಂಟೆ ಸಾಕು. ಅದನ್ನು ಬರೆದ ಮೇಲೂ ಹೊಸ ಸರ್ವರ್ ಬೇಕೆಂದು ತೋರಿದರೆ ನನ್ನನ್ನು ಕರೆಯಿರಿ. ಆಗ ಬೆಲೆಯ ಮಾತು ಆಡೋಣ.